ನೀರಿಗಿಂತ ಮೊದಲು ಉತ್ತರ ಬರಬೇಕು

2024ರ ಆಗಸ್ಟ್ 10ರ ರಾತ್ರಿ ಟಿಬಿ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ಇಳಿಸಲು ಬೇರೆ ಗೇಟುಗಳನ್ನೂ ತೆರೆದು ಸುಮಾರು 1 ಲಕ್ಷ ಕ್ಯೂಸೆಕ್ ನೀರು ನದಿಗೆ ಬಿಟ್ಟರು. ಹೊಸಪೇಟೆಯವರಿಗೆ ಮುಂದಿನದು ಬಾಯಿಪಾಠ: ಹಂಪಿಯ ಪುರಂದರ ಮಂಟಪ ಮುಳುಗುತ್ತೆ, ನೀರು ಇನ್ನೂ ಏರಿದರೆ ಕಂಪ್ಲಿ ಸೇತುವೆ ಬಂದ್. ಕಂಪ್ಲಿಯಲ್ಲಿ ಹೊಳೆದಂಡೆಗೆ ಗದ್ದೆ ಇರುವ ನಮ್ಮ ಮಾವನ ಪ್ರಶ್ನೆ ಒಂದೇ: "ನೀರು ಎಷ್ಟೊತ್ತಿಗೆ ಬರ್ತೈತಪ್ಪ? ಮೋಟ್ರು ಎತ್ಕೊಂಡು ಬರ್ಬೇಕು."

ಇದಕ್ಕೆ ಲೆಕ್ಕ ಹಾಕುವ ತಂತ್ರಾಂಶ ಉಚಿತವಾಗಿಯೇ ಸಿಗುತ್ತೆ. ಅಮೆರಿಕ ಸೇನೆಯ ಎಂಜಿನಿಯರ್ ವಿಭಾಗದ ಹೆಕ್-ರಾಸ್. ನದಿ ಪಾತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ನೀರು ಒಂದರಿಂದ ಇನ್ನೊಂದಕ್ಕೆ ಹೇಗೆ ಹರಿಯುತ್ತೆ ಅಂತ ಹೆಜ್ಜೆಹೆಜ್ಜೆಗೂ ಲೆಕ್ಕ ಮಾಡುತ್ತೆ. ಮನೆಯ ಡೆಸ್ಕ್‌ಟಾಪ್ ಸಾಕು. ಆದರೆ ನೀರು ಕಂಪ್ಲಿ ಮುಟ್ಟಿದ ಮೇಲೆ ಉತ್ತರ ಬಂದರೆ ಏನು ಪ್ರಯೋಜನ?

ಸ್ಪೀಡ್ ಬೇಕು ಅಂದ ತಕ್ಷಣ ನಮ್ಮವರು ದುಬಾರಿ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಾರೆ. ನಾನು ಬಳಸುವ ಆವೃತ್ತಿಯ ಲೆಕ್ಕವೆಲ್ಲ ಸಿಪಿಯು ಮೇಲೆ. ಆ ಕಾರ್ಡಿನಿಂದ ಗೇಮ್ ಓಡುತ್ತೆ, ನದಿ ಓಡಲ್ಲ.

ಮೊದಲು ನೋಡಬೇಕಾದ್ದು ಚೌಕದ ಅಳತೆ. 30 ಮೀಟರ್ ಚೌಕವನ್ನು 15ಕ್ಕೆ ಇಳಿಸಿದರೆ ಚೌಕಗಳು 4 ಪಟ್ಟು. ಲೆಕ್ಕ ಕೆಡದಿರಲು ಸಮಯದ ಹೆಜ್ಜೆಯನ್ನೂ ಅರ್ಧ ಮಾಡಬೇಕು. ಒಟ್ಟು ಕೆಲಸ 8 ಪಟ್ಟು. 2 ಗಂಟೆಯದ್ದು 16 ಗಂಟೆ ಆಗುತ್ತೆ. ಇದನ್ನು ಯಾವ ಹೊಸ ಪ್ರೊಸೆಸರೂ ಸರಿದೂಗಿಸಲ್ಲ. ಹಾಗಾಗಿ ಸಣ್ಣ ಚೌಕ ನದಿ ಪಾತ್ರಕ್ಕೆ, ಮಂಟಪ ಮತ್ತು ಸೇತುವೆಯ ಸುತ್ತ ಮಾತ್ರ, ಬಯಲಿಗೆ ದೊಡ್ಡವು. ಸಂಡೂರಿನ ಬೆಟ್ಟಗಳನ್ನು ನಕ್ಷೆಯಿಂದಲೇ ಬಿಡಿ, ಹೊಳೆ ನೀರು ಅಲ್ಲಿಗೆ ಹತ್ತೋದಿಲ್ಲ.

ಆಮೇಲೆ ಯಂತ್ರದ ಸರದಿ. 16 ಜಿಬಿಯ ಒಂದೇ ರ‍್ಯಾಮ್ ಬದಲು 8 ಜಿಬಿಯ ಎರಡು ಹಾಕಿದರೆ ಡೇಟಾ ಎರಡು ದಾರಿಯಲ್ಲಿ ಹರಿಯುತ್ತೆ. ಇಂಥ ಲೆಕ್ಕದಲ್ಲಿ ಸಿಪಿಯು ಎಷ್ಟೋ ಹೊತ್ತು ಮೆಮೊರಿಗಾಗಿಯೇ ಕಾಯುತ್ತಿರುತ್ತೆ. ಅದೇ ಕಾರಣಕ್ಕೆ ಕೋರ್ ಹೆಚ್ಚಿಸಿದಷ್ಟೂ ವೇಗ ಹೆಚ್ಚಲ್ಲ. 4, 8, ಎಲ್ಲಾ ಕೋರ್ ಅಂತ ಒಂದೊಂದು ಸಲ ಓಡಿಸಿ ಟೈಮ್ ಬರೆದುಕೊಳ್ಳಿ, ಯಾವುದು ಬೇಗ ಮುಗಿಯುತ್ತೋ ಅದೇ ನಿಮ್ಮದು. ವಿಂಡೋಸ್‌ನ ಪವರ್ ಮೋಡ್ ಉಳಿತಾಯದಲ್ಲಿದ್ದರೆ ಬದಲಿಸಿ. ನಮ್ಮೂರಿನ ಬಿಸಿಲಿಗೆ, ಗಣಿ ಧೂಳಿಗೆ ಫ್ಯಾನ್ ಕಟ್ಟಿಕೊಂಡರೆ ಸಿಪಿಯು ಬಿಸಿಯಾಗಿ ತಾನೇ ವೇಗ ಇಳಿಸುತ್ತೆ. ಒಂದು ಬ್ರಷ್ ಸಾಕು.

ಎಚ್ಚರಿಕೆ ಕೊಡೋದು ತುಂಗಭದ್ರಾ ಮಂಡಳಿ ಮತ್ತು ಜಿಲ್ಲಾಡಳಿತದ ಕೆಲಸ, ನಡೆಯಬೇಕಾದ್ದು ಅವರ ಮಾತು. ನನ್ನ ಲೆಕ್ಕ ಮನೆಯವರ ತಯಾರಿಗೆ ಅಷ್ಟೇ. ಅದಕ್ಕೆ ಪ್ರವಾಹದ ದಿನದ ವೇಗವೂ ಬೇಡ. 50 ಸಾವಿರ, 1 ಲಕ್ಷ, 2 ಲಕ್ಷ ಕ್ಯೂಸೆಕ್‌ಗೆ ಬೇಸಿಗೆಯಲ್ಲೇ ರಾತ್ರಿಯೆಲ್ಲ ಓಡಿಸಿ ನಕ್ಷೆ ಇಟ್ಟುಕೊಳ್ಳುತ್ತೇನೆ. ಡ್ಯಾಮಿನಿಂದ ಎಷ್ಟು ಬಿಟ್ಟರು ಅಂತ ಸುದ್ದಿ ಬಂದಾಗ ಫೈಲ್ ತೆರೆದರೆ ಆಯಿತು.