ಬೀಳಗಿಯ ಗೋಹರ್, ಇಳಕಲ್ಲಿನ ನಾನು

ಹೆಸರಾದ ಗೋಹರ್‌ಗಳು ಮೂವರಿದ್ದಾರೆ. ಒಬ್ಬರು ಕಲ್ಕತ್ತೆಯ ಗೋಹರ್ ಜಾನ್. 1902ರಲ್ಲೇ ಗ್ರಾಮಫೋನ್ ಪ್ಲೇಟಿಗೆ ಹಾಡಿ ದೇಶಕ್ಕೆಲ್ಲ ಗೊತ್ತಾದವರು, ಕೊನೆಗೆ ನಮ್ಮ ಮೈಸೂರಿನಲ್ಲೇ 1930ರ ಜನವರಿಯಲ್ಲಿ ತೀರಿಕೊಂಡರು. ಇನ್ನೊಬ್ಬರು ಬೊಂಬಾಯಿಯ ರಣಜಿತ್ ಸ್ಟುಡಿಯೋದ ನಟಿ ಗೋಹರ್. ಮೂರನೆಯವಳು ನಮ್ಮವಳು, ಬಾಗಲಕೋಟೆ ಜಿಲ್ಲೆಯ ಬೀಳಗಿಯವಳು, ಗೋಹರ್ ಕರ್ನಾಟಕಿ. (ಅವರಿಬ್ಬರಿಗೆ ಬಹುವಚನ, ಇವಳಿಗೆ ಮಾತ್ರ ಏಕವಚನ ಯಾಕೆ ಅಂತ ಕೇಳಬೇಡಿ. ನಮ್ಮ ಕಡೆಯವಳು ಅನ್ನೋ ಸಲಿಗೆ, ಅಷ್ಟೇ.)

ಇವಳ ಸೋದರಿ ಅಮೀರಬಾಯಿ ಕರ್ನಾಟಕಿಯ ಹೆಸರು ಕೇಳಿರುತ್ತೀರಿ. 1943ರ 'ಕಿಸ್ಮತ್' ಸಿನಿಮಾಕ್ಕೆ ಹಾಡಿದವಳು. ರಹಮತ್ ತರೀಕೆರೆಯವರು ಅಮೀರಬಾಯಿಯ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ, ಸಿಕ್ಕರೆ ಓದಿ. ಗೋಹರ್ ಹೆಸರು ಮಾತ್ರ ಇನ್ನೊಬ್ಬರ ಹೆಸರಿನ ಬಾಲದಂತೆ ಬರುತ್ತದೆ, ಬಾಲಗಂಧರ್ವರ ಕಥೆ ಹೇಳುವಾಗ ಕೊನೆಯ ನಾಕು ಪುಟದಲ್ಲಿ.

ಬಾಲಗಂಧರ್ವ ಅಂದರೆ ನಾರಾಯಣ ಶ್ರೀಪಾದ ರಾಜಹಂಸ. ಹುಟ್ಟಿದ್ದು 1888. ಗಂಡಸಾಗಿ ಹುಟ್ಟಿ ರಂಗದ ಮೇಲೆ ಹೆಣ್ಣಾಗಿ ಮರಾಠಿ ಸೀಮೆಯನ್ನೆಲ್ಲ ಮರುಳು ಮಾಡಿದವರು. 1913ರಲ್ಲಿ ಗಂಧರ್ವ ನಾಟಕ ಮಂಡಳಿ ಶುರುವಾಯಿತು, ಮುಂದೆ ಅವರೊಬ್ಬರೇ ಅದರ ಮಾಲಕರಾದರು. 'ಸ್ವಯಂವರ'ದ ರುಕ್ಮಿಣಿ, 'ಏಕಚ್ ಪ್ಯಾಲಾ'ದ ಸಿಂಧು, ಎರಡೂ ಅವರೇ. ಅವರು ಸೀರೆ ಉಟ್ಟಂತೆ ಸೀರೆ ಉಡೋದು, ಅವರು ಹೂ ಮುಡಿದಂತೆ ಮುಡಿಯೋದು ಆಗಿನ ಶ್ರೀಮಂತ ಮನೆಯ ಹೆಂಗಸರ ಫ್ಯಾಷನ್ ಆಗಿತ್ತಂತೆ. ನಿಜವಾದ ಹೆಂಗಸರು ಹೆಣ್ಣಾಗೋದನ್ನ ಒಬ್ಬ ಗಂಡಸಿನಿಂದ ಕಲಿತರು ಅಂದರೆ ಯೋಚನೆ ಮಾಡಿ!

1930ರ ದಶಕದ ಕೊನೆಗೆ ಆ ಕಂಪನಿಗೆ ಹೆಣ್ಣು ಪಾತ್ರ ಮಾಡೋಕೆ ಒಬ್ಬ ಹೆಂಗಸು ಬಂದಳು. ಅವಳೇ ಬೀಳಗಿಯ ಗೋಹರ್. ಮಾಲಕ ಅವರು, ಹೊಸದಾಗಿ ಕೆಲಸಕ್ಕೆ ಸೇರಿದವಳು ಇವಳು.

ಇದನ್ನೆಲ್ಲ ಈಗ ಯಾಕೆ ಬರೀತಿದೀನಿ ಅಂದರೆ, ಮೊನ್ನೆ ಬಾಗಲಕೋಟೆಯಲ್ಲಿ ಒಂದು ಲಗ್ನಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ದೂರದ ಸಂಬಂಧದ ಒಬ್ಬರು ಪಕ್ಕದವರಿಗೆ ನನ್ನ ಪರಿಚಯ ಹೇಳಿದರು: "ಇಕಿ ನೋಡ್ರಿ, ಇಳಕಲ್ಲಾಗ ಕೆಲಸಕ್ಕ ಹೋಗಿ ಮ್ಯಾನೇಜರ್‌ನ್ನ ಕಟಗೊಂಡು ಬಂದಾಕಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಮದುವೆಯಾಗಿ ಹತ್ತು ವರ್ಷದ ಮೇಲಾಯಿತು. ನನಗೆ ಈಗ ಬೇರೆ ಕೆಲಸ ಇದೆ, ಒಬ್ಬ ಮಗ ಇದ್ದಾನೆ, ನವನಗರದಲ್ಲಿ ಬಾಡಿಗೆ ಮನೆ ಇದೆ. ಆದರೂ ನನ್ನ ಪರಿಚಯ ಅಂದರೆ ಅದೇ ಒಂದು ವಾಕ್ಯ. ನನ್ನ ಯಜಮಾನರು ಅದೇ ಪಂಕ್ತಿಯಲ್ಲಿ ನಾಕು ಎಲೆ ಆಚೆ ಕೂತಿದ್ದರು. "ಕೆಲಸಕ್ಕ ಬಂದ ಹುಡುಗೀನ್ನ ಕಟಗೊಂಡಾಂವ" ಅಂತ ಅವರನ್ನ ಯಾರೂ ಪರಿಚಯ ಮಾಡಿಕೊಡಲಿಲ್ಲ.

ಸರಿ, ಹಂಗಾದರೆ ಕಥೆ ನಾನೇ ಹೇಳಿಬಿಡ್ತೀನಿ.

2012ರ ಜೂನಿನಲ್ಲಿ ಇಳಕಲ್ಲಿನ ಒಂದು ಗ್ರಾನೈಟ್ ಆಫೀಸಿಗೆ ಅಕೌಂಟ್ಸ್ ನೋಡೋಕೆ ಸೇರಿದೆ. ಮನೆಯಲ್ಲಿ ಅವ್ವ ಮಗ್ಗದ ಮುಂದೆ ಬೆಳೆದವಳು. ನನಗೆ ಕಲ್ಲಿನ ಗಂಧ-ಗಾಳಿ ಇರಲಿಲ್ಲ. ಇಳಕಲ್ ಅಂದರೆ ಹೊರಗಿನವರಿಗೆ ಸೀರೆ, ಆದರೆ ಊರಿನ ಇನ್ನರ್ಧ ಹೊಟ್ಟೆ ತುಂಬಿಸಿದ್ದು ಕೆಂಪು ಕಲ್ಲು. ಮ್ಯಾನೇಜರ್ ಮೊದಲ ದಿನವೇ ನನ್ನ ಕೈಗೆ ಅಳತೆ ಟೇಪು ಕೊಟ್ಟು, "ಲೆಕ್ಕ ಬರಿಯೂದಕ್ಕ ಮೊದಲ ಹೊರಗ ಹೋಗಿ ಕಲ್ಲು ನೋಡಿ ಬರ್ರಿ ಮೇಡಂ" ಅಂದರು. ಜೂನ್ ಆದರೂ ಮಳೆ ಇಲ್ಲ, ಯಾರ್ಡಿನಲ್ಲಿ ಬಿಸಿಲು ಕಲ್ಲಿನಿಂದಲೂ ಬರ್ತಿತ್ತು. ಮನಸ್ಸಿನಲ್ಲೇ ಬೈದುಕೊಂಡೆ.

ಬ್ಲಾಕ್ ಅಳೆಯೋದು ಉದ್ದ, ಅಗಲ, ಎತ್ತರ ಗುಣಿಸಿದ ಹಾಗಲ್ಲ. ಬಿರುಕು, ಕಪ್ಪು ಗೆರೆ, ಮೂಲೆ ಒಡೆದದ್ದು, ಎಲ್ಲಕ್ಕೂ ಇಂತಿಷ್ಟು ಅಂತ ಕಳೆದು ಉಳಿದದ್ದಕ್ಕೆ ಮಾತ್ರ ದುಡ್ಡು. ಆ ಕಳೆಯೋದರಲ್ಲೇ ಇರೋದು ವ್ಯಾಪಾರದ ಜೀವ. ಮೂರು ತಿಂಗಳಾದ ಮೇಲೆ ಒಂದು ದಿನ, ಮಾರಾಟವಾದ ಒಂದು ಬ್ಲಾಕಿನ ಅಳತೆ ರಿಜಿಸ್ಟರಿನಲ್ಲಿ ಒಂದು ಥರ, ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದದ್ದು ಇನ್ನೊಂದು ಥರ ಕಂಡಿತು. ರಿಜಿಸ್ಟರಿನ ಅಕ್ಷರ ಮ್ಯಾನೇಜರದೇ. ಗಿರಾಕಿ ಎದುರಿಗೇ ಕೂತಿದ್ದ. "ಸರ್, ಇದು ತಪ್ಪೈತ್ರಿ" ಅಂದುಬಿಟ್ಟೆ. ಆಫೀಸು ಗಪ್ ಆಯಿತು. ಅವರು ಎದ್ದು, ಟೇಪು ತಗೊಂಡು, ಬಿಸಿಲಲ್ಲಿ ಹೋಗಿ ಅಳೆದು ಬಂದು, "ಮೇಡಂ ಹೇಳಿದ್ದು ಖರೆ ಐತಿ, ನಂದ ತಪ್ಪು" ಅಂತ ಎಲ್ಲರ ಮುಂದೆ ಹೇಳಿ ತಿದ್ದಿದರು. ನಮ್ಮ ಕಡೆ ಗಂಡಸರ ಬಾಯಿಂದ ಈ ವಾಕ್ಯ ಕೇಳೋದು ಅಷ್ಟು ಸುಲಭ ಅಲ್ಲ, ನಿಮಗೂ ಗೊತ್ತು. ನನಗೆ ಏನೋ ಆಗಿದ್ದು ಅವತ್ತೇ. ಆದರೆ ಅದಕ್ಕೆ ಹೆಸರು ಇಡೋಕೆ ಮುಂದೆ ಒಂದು ವರ್ಷದ ಮೇಲೆ ಬೇಕಾಯಿತು.

ಆ ಒಂದು ವರ್ಷದಲ್ಲಿ ನಾವು ಮಾತಾಡಿದ್ದೆಲ್ಲ ಪರ್ಮಿಟ್ಟು, ರಾಯಲ್ಟಿ, ಲಾರಿ, ಕರೆಂಟು. ಗಣಿ ಇಲಾಖೆಯ ಕೆಲಸಕ್ಕೆ ಬಾಗಲಕೋಟೆಗೆ ಹೋಗಬೇಕಾದರೆ ಬಸ್ಸು. ಇಳಕಲ್, ಹುನಗುಂದ, ಅಮೀನಗಡ, ಬಾಗಲಕೋಟೆ. ಹತ್ತಿರ ಎರಡು ತಾಸು. ಅವರು ಯಾವಾಗಲೂ ನನ್ನ ಮುಂದಿನ ಸೀಟಿನಲ್ಲಿ ಕೂರೋರು, ಪಕ್ಕದಲ್ಲಿ ಅಲ್ಲ. ಅಷ್ಟು ಹೊತ್ತು ನನಗೆ ಕಾಣ್ತಿದ್ದದ್ದು ಅವರ ಕಾಲರ್ ಮತ್ತೆ ಕಿವಿ ಹಿಂದಿನ ನರೆಗೂದಲು. ವಾಪಸ್ ಬರುವಾಗ ಅಮೀನಗಡದಲ್ಲಿ ಇಳಿದು ಇಡೀ ಆಫೀಸಿಗೆ ಕರದಂಟು ತರೋರು. ಎಲ್ಲರಿಗೂ ಸಮ ಪಾಲು. ನನಗೆ ಒಂದು ಚೂರು ಹೆಚ್ಚು ಕೊಟ್ಟಿದ್ದರೆ ಬಹುಶಃ ಈ ಕಥೆ ಅಲ್ಲೇ ಮುಗೀತಿತ್ತು.

ಸೇರಿದ ವರ್ಷವೇ ಬಾದಾಮಿಯ ಬನಶಂಕರಿ ಜಾತ್ರೆಗೆ ಆಫೀಸಿನವರೆಲ್ಲ ಕ್ರೂಸರ್ ಮಾಡಿಕೊಂಡು ಹೋದೆವು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಆ ಜಾತ್ರೆ ವಾರಗಟ್ಟಲೆ ನಡೆಯುತ್ತೆ, ಅದು ನಡೆಯೋದೇ ನಾಟಕಕ್ಕೆ. ಸಾಲಾಗಿ ತಗಡಿನ ಥಿಯೇಟರು, ಒಂದರ ಮೈಕು ಇನ್ನೊಂದರ ಮೈಕಿನ ಮೇಲೆ ಬೀಳೋದು, ರಾತ್ರಿ ಎರಡು ಗಂಟೆಗೂ ಹೌಸ್‌ಫುಲ್. ಉತ್ತರ ಕರ್ನಾಟಕದ ಕಂಪನಿಗಳು ವರ್ಷದ ಗಂಜಿಯನ್ನ ಈ ಒಂದು ತಿಂಗಳಲ್ಲೇ ದುಡಿದುಕೊಳ್ತಾವೆ ಅಂದರೂ ತಪ್ಪಾಗಲ್ಲ. ನಾಟಕ ಬಿಟ್ಟ ಮೇಲೆ ಹೊರಗೆ ಚಹಾ ಕುಡೀತಾ ನಿಂತಿದ್ದಾಗ ಸರ್ ಇದ್ದಕ್ಕಿದ್ದಂತೆ ಕೇಳಿದರು, "ಗೋಹರಬಾಯಿ ಹೆಸರು ಕೇಳೀರೇನ್ರಿ?" ಅವರ ಅಜ್ಜ ಬೀಳಗಿಯವರು, ನಾಟಕದ ಹುಚ್ಚರು. ಅಜ್ಜನಿಂದ ಕೇಳಿದ ಕಥೆಯನ್ನ ಅಷ್ಟೂ ಜನಕ್ಕೆ ಹೇಳಿದರು. ಚಳಿಗೆ ಎಲ್ಲರೂ ಗಾಡಿಯೊಳಗೆ ಹೋಗಿ ಕೂತರು. ನಾನು ಇನ್ನೊಂದು ಕಪ್ಪು ಚಹಾ ಹೇಳಿದೆ. ನನಗೆ ಚಹಾ ಬೇಕಾಗಿರಲಿಲ್ಲ :)

"ಆಕಿಗೆ ಎಲ್ಲಾರೂ ಬೈದ್ರು. ಆಕಿ ಬಂದಮ್ಯಾಗ ಗಂಧರ್ವರು ಕೆಟ್ರು ಅಂದ್ರು. ನಮ್ಮ ಅಜ್ಜ ಮಾತ್ರ ಒಪ್ಪತಿರಲಿಲ್ಲ" ಅಂದರು ಸರ್.

ಆಮೇಲೆ ನಾನೇ ಹುಡುಕಿ ಹುಡುಕಿ ಓದಿದೆ. ಮರಾಠಿಯಲ್ಲಿ ಅವಳ ಬಗ್ಗೆ ಬರೆದದ್ದು, ಆಡಿದ್ದು ಭಾರಿ ಕಹಿ. ಮಾಟ ಮಾಡಿಸಿದಳು ಅನ್ನೋವರೆಗೂ ಹೋಗಿದ್ದಾರೆ. ಆದರೆ ಲೆಕ್ಕದವಳು ನಾನು, ತಾರೀಖು ನೋಡ್ತೀನಿ. ಮಂಡಳಿ 1920ರ ದಶಕದಲ್ಲೇ ದೊಡ್ಡ ಸಾಲದಲ್ಲಿ ಮುಳುಗಿತ್ತು. ಅತ್ತರು, ನಿಜವಾದ ಜರಿ, ನಿಜವಾದ ಒಡವೆ, ರಂಗದ ಮೇಲೆ ಯಾವುದೂ ಖೊಟ್ಟಿ ಇರಬಾರದು ಅನ್ನೋ ಮಾಲಕರ ಹಟ. ಟಾಕಿ ಸಿನಿಮಾ ಬಂದು ನಾಟಕದ ಜನವನ್ನ ಎಳಕೊಂಡು ಹೋಯಿತು. 1935ರಲ್ಲಿ ಬಾಲಗಂಧರ್ವರೇ ಪ್ರಭಾತ್ ಕಂಪನಿಯ 'ಧರ್ಮಾತ್ಮಾ'ದಲ್ಲಿ ಸಂತ ಏಕನಾಥರಾಗಿ ನಟಿಸೋಕೆ ಹೋದರು. ಗೋಹರ್ ಬಂದದ್ದು ಇಷ್ಟೆಲ್ಲ ಆದ ಮೇಲೆ. ಮುಳುಗಿದ ಹಡಗಿಗೆ ಹತ್ತಿದವಳ ಮೇಲೆ ತೂತು ಕೊರೆದ ಆರೋಪ!

ಹಾಗಂತ ಇದನ್ನ ನಾನು ಚಂದದ ಪ್ರೇಮಕಥೆ ಮಾಡೋಕೆ ಹೋಗಲ್ಲ. ಗೋಹರ್ ಬಂದಾಗ ಬಾಲಗಂಧರ್ವರ ಹೆಂಡತಿ ಲಕ್ಷ್ಮೀಬಾಯಿ ಬದುಕಿದ್ದರು, ತೀರಿಕೊಂಡದ್ದು 1940ರಲ್ಲಿ. ಆ ಹೆಣ್ಣುಮಗಳ ಸಂಕಟ ಯಾವ ಹಾಡಿನಲ್ಲೂ ಬರಲಿಲ್ಲ. ಗೋಹರ್‌ಳನ್ನ ಅವರು ಮದುವೆಯಾದದ್ದು 1951ರಲ್ಲಿ. ಮಾಲಕರ ಮನಸ್ಸು ಮಾಲಕರ ಅನುಕೂಲದಂತೆ ನಡೆಯುತ್ತೆ, ಕಾಯೋದು ಕೆಲಸಕ್ಕೆ ಬಂದವಳು. ನನಗೆ ಹೆದರಿಕೆ ಆಗಿದ್ದು ಅದಕ್ಕೇ. ಸರ್‌ಗೆ ಮದುವೆಯಾಗಿರಲಿಲ್ಲ, ಆ ಮಾತು ಬೇರೆ. ಆದರೆ ನನ್ನ ರಜೆ ಚೀಟಿ, ಸಂಬಳದ ವೋಚರು, ಇನ್‌ಕ್ರಿಮೆಂಟ್ ಎಲ್ಲದರ ಮೇಲೆ ಅವರ ಸಹಿ. ನಾಳೆ "ಒಲ್ಲೆ" ಅನ್ನಬೇಕಾಗಿ ಬಂದರೆ ಯಾರ ಮುಂದೆ ಅನ್ನಲಿ?

2013ರ ಕೊನೆಗೆ, ಕೆಲಸದ ಜಾಗದಲ್ಲಿ ಹೆಂಗಸರಿಗೆ ಆಗೋ ಕಿರುಕುಳ ತಡೆಯೋ ಕಾಯಿದೆ ಜಾರಿಗೆ ಬಂತು. ಹತ್ತು ಜನರಿಗಿಂತ ಕಡಿಮೆ ಇಲ್ಲದ ಕಡೆಯಲ್ಲೆಲ್ಲ ಒಂದು ಸಮಿತಿ ಇರಬೇಕು ಅನ್ನೋ ಕಾಯಿದೆ. ಸರ್ ಅದರ ಕಾಗದ ತರಿಸಿ, ಓದಿ, ನನ್ನ ಟೇಬಲ್ ಮೇಲೆ ಇಟ್ಟು, "ಇದನ್ನ ಫೈಲ್ ಮಾಡ್ರಿ" ಅಂದವರು ಹೋಗಲಿಲ್ಲ, ಅಲ್ಲೇ ನಿಂತರು. ಆಮೇಲೆ ಕೆಳಗೆ ನೋಡ್ತಾ, "ನನಗ ನಿಮ್ಮ ಹತ್ರ ಒಂದು ಮಾತು ಕೇಳೂದೈತ್ರಿ. ನೀವು ಈ ಆಫೀಸಿನ್ಯಾಗ ಇರೂತನಕ ಕೇಳಂಗಿಲ್ಲ" ಅಂದರು.

ಇನ್ನು ಕೇಳೋಕೆ ಏನು ಉಳಿದಿತ್ತು ಹೇಳಿ!

ಎಂಟು ತಿಂಗಳು ಬೇರೆ ಕೆಲಸ ಹುಡುಕಿದೆ. ಬಾಗಲಕೋಟೆ ನವನಗರದಲ್ಲಿ ಸಿಕ್ಕಿತು, ಸಂಬಳ ಸ್ವಲ್ಪ ಕಡಿಮೆ. ರಾಜೀನಾಮೆ ಕೊಟ್ಟು, ಬಾಕಿ ಎಲ್ಲ ಚುಕ್ತಾ ಮಾಡಿಸಿಕೊಂಡು, ಹೊಸ ಕಡೆ ಮೊದಲ ತಿಂಗಳ ಸಂಬಳ ಕೈಗೆ ಬಂದ ಮೇಲೆ ನಾನೇ ಫೋನ್ ಮಾಡಿ "ಈಗ ಕೇಳ್ರಿ ಸರ್" ಅಂದೆ. ಓದೋಕೆ ಇದು ಸೊಗಸಾಗಿ ಕಾಣಬಹುದು. ಆದರೆ ಗಮನಿಸಿ, ಕೆಲಸ ಬಿಟ್ಟದ್ದು ನಾನು. ಸಂಬಳ ಇಳಿದದ್ದು ನಂದು. ದಿನಾ ಬಸ್ಸಿನಲ್ಲಿ ನಾಕು ತಾಸು ಕೂತವಳು ನಾನು. ಅವರು ಅದೇ ಕುರ್ಚಿಯಲ್ಲಿ ಅದೇ ಚಹಾ ಕುಡೀತಾ ಕೂತಿದ್ದರು. ಈ ವಿಷಯಕ್ಕೆ ನಮ್ಮ ಮನೆಯಲ್ಲಿ ಇವತ್ತಿಗೂ ವರ್ಷಕ್ಕೆ ಒಂದೆರಡು ಸಲ ಜಗಳ ಆಗುತ್ತೆ, ಪ್ರತಿ ಸಲ ನಾನೇ ಗೆಲ್ತೀನಿ. ಆದರೆ ಗೆದ್ದು ಬಂದದ್ದೇನೂ ಇಲ್ಲ.

ಜಾತಿ ಬೇರೆ ಇತ್ತು. ಅಪ್ಪ ಎರಡು ತಿಂಗಳು ಮಾತು ಬಿಟ್ಟ. ಅವ್ವ ಮಗ್ಗದ ಮುಂದೆ ಕೂತು ಕೊಂಡಿ ಹಾಕ್ತಿದ್ದಳು. ನೋಡದವರಿಗೆ ಹೇಳ್ತೀನಿ, ಇಳಕಲ್ ಸೀರೆಯ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲು ಹತ್ತಿ ಇದ್ದರೂ ಸೆರಗು ಕೆಂಪು ರೇಷ್ಮೆ. ಒಂದೊಂದೇ ಎಳೆಯನ್ನ ಕುಣಿಕೆ ಹಾಕಿ ಇನ್ನೊಂದರ ಎಳೆಗೆ ಸಿಗಿಸಬೇಕು, ಪ್ರತಿ ಸೀರೆಗೂ ಹೊಸದಾಗಿ. ಸಾವಿರಾರು ಎಳೆ. ನಾನು ಎಲ್ಲ ಹೇಳಿ ಮುಗಿಸಿದೆ. ಅವ್ವ ತಲೆ ಎತ್ತಲಿಲ್ಲ. "ಅಂವ ನಿನಗ ತಪ್ಪಾತು ಅಂತ ಎಲ್ಲಾರ ಮುಂದ ಅಂದಿದ್ದು ಖರೇನ?" ಅಂತ ಕೇಳಿದಳು. ಖರೆ ಅಂದೆ. "ನಿಮ್ಮಪ್ಪ ಇಪ್ಪತ್ತೆಂಟು ವರ್ಷದಾಗ ಒಮ್ಮೆನೂ ಅಂದಿಲ್ಲ" ಅಂದಳು. ಅಷ್ಟೇ. ಅದೇ ಒಪ್ಪಿಗೆ.

2015ರಲ್ಲಿ ಹುನಗುಂದದಲ್ಲಿ ರಜಿಸ್ಟರ್ ಮದುವೆ. ಇಳಕಲ್ ಆಗಿನ್ನೂ ಹುನಗುಂದ ತಾಲೂಕಿನಲ್ಲೇ ಇತ್ತು. ವಿಶೇಷ ವಿವಾಹ ಕಾಯಿದೆಯ ಪ್ರಕಾರ ಮೂವತ್ತು ದಿನ ಮೊದಲು ನೋಟೀಸು ಹಚ್ಚಬೇಕು. ಇಬ್ಬರ ಹೆಸರು, ವಿಳಾಸ, ಉದ್ಯೋಗ ಎಲ್ಲ ಬರೆದು ಕಚೇರಿಯ ಗೋಡೆಗೆ ಅಂಟಿಸಿದರು. ಪಹಣಿಗೆ, ಖರೀದಿ ಪತ್ರಕ್ಕೆ ಅಂತ ಊರಿನ ಅರ್ಧ ಜನ ಓಡಾಡೋ ಕಡೆ ಅದು. ಒಂದು ತಿಂಗಳು ನಮ್ಮಿಬ್ಬರನ್ನ ಗೋಡೆ ಮೇಲೆ ತೂಗು ಹಾಕಿದ ಹಾಗೆ. ಯಾರೂ ತಕರಾರು ಬರೆದುಕೊಡಲಿಲ್ಲ, ಬಾಯಲ್ಲಿ ಮಾತ್ರ ಎಲ್ಲರೂ ಆಡಿದರು. "ಮ್ಯಾನೇಜರ್‌ನ್ನ ಹಿಡದ್ಲು." ಅವರ ಬಗ್ಗೆ? "ಪಾಪ, ಒಳ್ಳೆ ಮನಷಾ." ಗೋಹರ್ ನೆನಪಾದದ್ದು ಆಗ. ಅವಳ ಕಾಲದಲ್ಲಿ ಮಾಟ ಅಂದಿದ್ದನ್ನ ನಮ್ಮ ಕಾಲದಲ್ಲಿ ಬೇರೆ ಮಾತಲ್ಲಿ ಹೇಳ್ತಾರೆ.

ಅವಳ ಕೊನೆಯ ವರ್ಷಗಳನ್ನ ಓದುವಾಗ ನನಗೆ ಹೆಚ್ಚು ತಾಗೋದು ಅವಳ ಹಾಡಲ್ಲ. 1952ರ ಹೊತ್ತಿಗೆ ಬಾಲಗಂಧರ್ವರಿಗೆ ಲಕ್ವ ಹೊಡೆದು ಕಾಲು ಹೋಯಿತು. ದುಡ್ಡು ಯಾವತ್ತೋ ಹೋಗಿತ್ತು. ಕುಣಿದ ಕಾಲು, ಜರಿ ಉಟ್ಟ ಮೈ, ಎಲ್ಲವೂ ಇನ್ನೊಬ್ಬರ ಕೈ ಆಸರೆಗೆ ಬಂದವು. ಆ ಕೈ ಇವಳದು. ಒಂದು ದಿನ, ಒಂದು ತಿಂಗಳು ಅಲ್ಲ, ಹನ್ನೆರಡು ವರ್ಷ. 1964ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅದೇ ವರ್ಷ ಗೋಹರ್ ತೀರಿಕೊಂಡಳು. ಅವರು 1967ರ ಜುಲೈವರೆಗೆ ಇದ್ದರು. ಆಸ್ತಿಗಾಗಿ ಹಿಡಿದವಳು ಅಂದವರು ಈ ಹನ್ನೆರಡು ವರ್ಷವನ್ನ ಯಾವ ಖಾತೆಗೆ ಬರೀತಾರೋ ಗೊತ್ತಿಲ್ಲ.

ಲಗ್ನದ ಊಟ ಮುಗಿಸಿ ಬರುವಾಗ ಗಾಡಿಯಲ್ಲಿ ಇದನ್ನೆಲ್ಲ ಒದರಿದೆ. ಇವರು ಸುಮ್ಮನೆ ಕೇಳಿಸಿಕೊಂಡು, "ಮುಂದಿನ ಲಗ್ನದಾಗ ನಾನ ಹೇಳತೇನಿ ಬಿಡು, ನಾನ ಕಟಗೊಂಡೆ ಅಂತ" ಅಂದರು. ಹೇಳ್ತಾರೋ ಇಲ್ಲವೋ ನೋಡಬೇಕು. ಇನ್ನೆರಡು ತಿಂಗಳಿಗೆ ಗುಳೇದಗುಡ್ಡದಲ್ಲಿ ಒಂದು ಲಗ್ನ ಇದೆ.

ಇನ್ನೊಂದು ಹೇಳೋದು ಮರೆತೆ. ನಾನು ಇವತ್ತಿಗೂ ಅವರನ್ನ 'ಸರ್' ಅಂತಲೇ ಕರೆಯೋದು, ಬಾಯಿಗೆ ರೂಢಿ. ಹೋದ ವಾರ ಮಗ ಭಾರಿ ಗಂಭೀರವಾಗಿ ಕೇಳಿದ: "ಅವ್ವಾ, ಅಪ್ಪ ನಿನಗ ಯಾವ ಸಾಲ್ಯಾಗ ಕಲಿಸ್ಯಾರ?"