ನಲ್ಲಾರ್ಬರ್ ಬಯಲಿನಲ್ಲಿ ಫ್ರಿಜ್ ಕಾಯ್ದ ಕಥೆ

ಆಸ್ಟ್ರೇಲಿಯಾದ ದಕ್ಷಿಣದ ಅಂಚಿನಲ್ಲಿ ನಲ್ಲಾರ್ಬರ್ ಎಂಬ ದೊಡ್ಡ ಬಯಲಿದೆ. ಲ್ಯಾಟಿನ್ ಭಾಷೆಯಿಂದ ಬಂದ ಆ ಹೆಸರಿಗೆ ‘ಮರವಿಲ್ಲದ್ದು’ ಎಂದರ್ಥ. ಹೆಸರಿಗೆ ತಕ್ಕಂತೆ ಸುಣ್ಣಕಲ್ಲಿನ ನೆಲ, ಮೊಣಕಾಲೆತ್ತರದ ಬೂದು ಬಣ್ಣದ ಕುರುಚಲು ಗಿಡ, ಮೇಲೆ ಬರೀ ಆಕಾಶ. ಅಲ್ಲಿ ಹಾದುಹೋಗುವ ಏರ್ ಹೆದ್ದಾರಿ ಪೂರ್ವದ ಸೆಡೂನಾದಿಂದ ಪಶ್ಚಿಮದ ನಾರ್ಸ್‌ಮನ್‌ವರೆಗೆ ಸುಮಾರು 1,200 ಕಿ.ಮೀ. ಅಂದರೆ ಬೆಂಗಳೂರಿನಿಂದ ಮುಂಬೈಗಿಂತಲೂ ದೂರ. ನಡುವೆ ಪೇಟೆ ಎನ್ನುವಂಥ ಊರಿಲ್ಲ. ನೂರು, ಇನ್ನೂರು ಕಿ.ಮೀ.ಗೊಂದು ರೋಡ್‌ಹೌಸ್. ಅಲ್ಲಿ ಪೆಟ್ರೋಲು, ಚಹಾ, ಮಲಗಲು ಜಾಗ ಸಿಗುತ್ತದೆ, ಅಷ್ಟೇ.

ಅಡಿಲೇಡ್‌ನಲ್ಲಿರುವ ಮಗ ನಮ್ಮಿಬ್ಬರನ್ನು ಈ ದಾರಿಯಲ್ಲಿ ಪರ್ತ್‌ವರೆಗೆ ಕರೆದುಕೊಂಡು ಹೋಗುತ್ತೇನೆಂದ. ಕಾರಿನ ಹಿಂದೆ ಕ್ಯಾರವಾನ್, ಅಂದರೆ ಎಳೆದೊಯ್ಯುವ ಪುಟ್ಟ ಮನೆ. ಅದರಲ್ಲಿ ಹಾಸಿಗೆ, ಒಲೆ, ನೀರಿನ ಪಂಪು, ಫ್ರಿಜ್ಜು ಎಲ್ಲವೂ ಉಂಟು. ನನ್ನ ಚಿಂತೆ ಮಾತ್ರ ಆ ಫ್ರಿಜ್ಜಿನದು. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಸಲ ಇನ್ಸುಲಿನ್ ಬೇಕು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಸೆಡೂನಾ ದಾಟಿದ ಮೇಲೆ ‘ಇನ್ನೊಂದು ಕೊಡಿ’ ಎಂದು ಕೇಳಲು ಔಷಧದಂಗಡಿ ಎಲ್ಲಿಂದ ಬರಬೇಕು?

ಹೊರಡುವ ಎರಡು ದಿನ ಮೊದಲೇ ಮಗನನ್ನು ಕೂರಿಸಿಕೊಂಡು ಎಲ್ಲ ಕೇಳಿದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಲೆಕ್ಕ ತಾಳೆಯಾಗದೆ ನಿದ್ದೆ ಬರುವುದಿಲ್ಲ. ಒಂಬತ್ತು ವರ್ಷದ ಮೊಮ್ಮಗಳೂ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತಳು.

ಆ ಫ್ರಿಜ್ ಮೂರು ರೀತಿಯಲ್ಲಿ ನಡೆಯುತ್ತದೆ. ರಾತ್ರಿ ತಂಗುವ ಜಾಗದಲ್ಲಿ 240 ವೋಲ್ಟ್ ಕರೆಂಟು, ಕಾರು ಓಡುವಾಗ ಕಾರಿನ 12 ವೋಲ್ಟ್, ಕಾರು ನಿಂತಾಗ ಅಡುಗೆ ಗ್ಯಾಸು. ಗ್ಯಾಸಿನ ಬೆಂಕಿಯಿಂದ ತಂಪು ಹೇಗೆ ಬರುತ್ತದೆ ಎಂದು ಮೊಮ್ಮಗಳು ಕೇಳಿದಳು. ಒಳಗಿನ ಕೊಳವೆಗಳಲ್ಲಿ ನೀರಿನೊಂದಿಗೆ ಬೆರೆತ ಅಮೋನಿಯಾ ಇರುತ್ತದೆ. ಕಾಯಿಸಿದಾಗ ಅಮೋನಿಯಾ ಆವಿಯಾಗಿ ಬೇರ್ಪಟ್ಟು ಮೇಲೇರುತ್ತದೆ, ಅಲ್ಲಿ ಆರಿ ದ್ರವವಾಗುತ್ತದೆ. ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಂಡು ಹೋಗುತ್ತದೆ. ನಮ್ಮ ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗಿ ಒಳಗಿನ ನೀರು ತಣ್ಣಗಾಗುವುದಿಲ್ಲವೆ, ಹಾಗೆಯೇ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಪ್ಲಾಟನ್ ಮತ್ತು ಮುಂಟರ್ಸ್, ಇಂಥ ಫ್ರಿಜ್ಜನ್ನು ರೂಪಿಸಿದರು. ಇದರಲ್ಲಿ ತಿರುಗುವ ಭಾಗವಿಲ್ಲ, ಸದ್ದಿಲ್ಲ. ಆದರೆ ನಿಲ್ಲಿಸಿದಾಗ ಕ್ಯಾರವಾನ್ ಮಟ್ಟಸವಾಗಿರಬೇಕು, ಇಲ್ಲದಿದ್ದರೆ ಕೊಳವೆಯೊಳಗಿನ ಹರಿವು ಕೆಡುತ್ತದೆ.

ಹಾಗಾದರೆ ಓಡುವಾಗಲೂ ಗ್ಯಾಸೇ ಇರಲಿ ಎನ್ನಬಹುದು. ಕೂಡದು. ಪೆಟ್ರೋಲ್ ಬಂಕಿಗೆ ಉರಿಯುವ ಜ್ವಾಲೆಯೊಂದಿಗೆ ಹೋಗುವುದುಂಟೆ? ಆದ್ದರಿಂದ ದಾರಿಯುದ್ದಕ್ಕೂ ಕಾರಿನ ಬ್ಯಾಟರಿಯೇ ಗತಿ.

ಈಗ ಲೆಕ್ಕಕ್ಕೆ ಬರೋಣ. ಫ್ರಿಜ್ಜಿನ ಹೀಟರ್ 150 ವಾಟ್. ಅದನ್ನು 12ರಿಂದ ಭಾಗಿಸಿದರೆ ಹನ್ನೆರಡೂವರೆ ಆಂಪಿಯರ್. ಕಾರಿನ ಬ್ಯಾಟರಿ ಸುಮಾರು 70 ಆಂಪಿಯರ್-ಗಂಟೆಯದು. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ತುಂಬುತ್ತಲೇ ಇರುತ್ತದೆ, ತೊಂದರೆಯಿಲ್ಲ. ಎಂಜಿನ್ ನಿಂತರೆ ಜಮೆ ನಿಂತಿತು, ಖರ್ಚು ಮಾತ್ರ ನಡೆಯುತ್ತದೆ. ಆರು ಗಂಟೆಯೊಳಗೆ ಖಾತೆ ಬರಿದು. ಅಷ್ಟು ಹೊತ್ತೂ ಬೇಡ, ಅರ್ಧ ಖಾಲಿಯಾಗುವುದರೊಳಗೇ ಕಾರು ಸ್ಟಾರ್ಟ್ ಆಗಲು ತಕರಾರು ತೆಗೆಯಬಹುದು.

ಅದಕ್ಕಾಗಿ ಮಗ ಕಾರಿನ ಬಾನೆಟ್ ಒಳಗೆ ಒಂದು ರಿಲೇ ಹಾಕಿಸಿದ್ದ. ಎಂಜಿನ್ ಓಡಿ ಬ್ಯಾಟರಿಯ ಮಟ್ಟ 13.3 ವೋಲ್ಟ್ ದಾಟಿದಾಗ ಅದು ‘ಟಕ್’ ಎಂದು ಕೂಡಿಕೊಂಡು ಹಿಂದಕ್ಕೆ ಕರೆಂಟು ಬಿಡುತ್ತದೆ. 12.8ಕ್ಕೆ ಇಳಿದೊಡನೆ ಕಡಿದುಬಿಡುತ್ತದೆ. ಒಳ್ಳೆಯ ಕ್ಯಾಷಿಯರ್ ಹಾಗೆ, ಎಷ್ಟು ಗೋಗರೆದರೂ ಓವರ್‌ಡ್ರಾಫ್ಟ್ ಇಲ್ಲ! ಕ್ಯಾರವಾನಿನ ದೀಪಕ್ಕೂ ಪಂಪಿಗೂ ಬೇರೆಯೇ 100 ಆಂಪಿಯರ್-ಗಂಟೆಯ ಬ್ಯಾಟರಿ ಇತ್ತು. ಅದೂ ಕಾರು ಓಡುವಾಗ ಇದೇ ರಿಲೇ ಮೂಲಕ ತುಂಬಿಕೊಳ್ಳುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಆಲ್ಟರ್ನೇಟರ್ ಇಂಧನ ಉಳಿಸಲು ವೋಲ್ಟೇಜನ್ನು ತಾನೇ ಇಳಿಸುತ್ತದಂತೆ. ಅಂಥವಕ್ಕೆ ರಿಲೇ ಸಾಲದು, ಬೇರೆ ಚಾರ್ಜರ್ ಬೇಕು.

ತಂತಿಯ ವಿಷಯವೂ ಇದೆ. ಬ್ಯಾಟರಿ ಕಾರಿನ ಮುಂದೆ, ಫ್ರಿಜ್ ಕ್ಯಾರವಾನಿನೊಳಗೆ, ನಡುವೆ ಏಳೆಂಟು ಮೀಟರ್. ಸಣ್ಣ ಪೈಪಿನಲ್ಲಿ ತೋಟದ ತುದಿಗೆ ನೀರು ಹನಿಹನಿಯಾಗಿ ತಲುಪುವಂತೆ, ಸಪೂರ ತಂತಿಯಲ್ಲಿ ವೋಲ್ಟೇಜ್ ದಾರಿಯಲ್ಲೇ ಸೋರುತ್ತದೆ. ವೋಲ್ಟೇಜ್ ಹತ್ತರಲ್ಲೊಂದು ಪಾಲು ಕುಗ್ಗಿದರೆ ಹೀಟರಿನ ಶಾಖ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಕುಗ್ಗುತ್ತದೆ. ಹಾಗಾಗಿ ನಮ್ಮದಕ್ಕೆ ಬೆರಳು ಗಾತ್ರದ ಕೇಬಲ್ಲು, ಆಂಡರ್ಸನ್ ಪ್ಲಗ್ ಎಂಬ ದಪ್ಪ ಜೋಡಣೆ.

ಇಷ್ಟಿದ್ದರೂ 12 ವೋಲ್ಟಿನಲ್ಲಿ ಈ ಫ್ರಿಜ್ ಇದ್ದ ತಂಪನ್ನು ಕಾಯುತ್ತದೆಯೇ ಹೊರತು ಬಿಸಿಯಾದದ್ದನ್ನು ಬೇಗ ತಣಿಸಲಾರದು. ಹಿಂದಿನ ದಿನವೇ ಮನೆಯ ಕರೆಂಟಿನಲ್ಲಿ ಫ್ರಿಜ್ ತಣ್ಣಗಾಗಿಸಿ, ತಣ್ಣಗಿನ ಸಾಮಾನನ್ನೇ ತುಂಬಿದೆವು. ಇನ್ಸುಲಿನ್ ಡಬ್ಬಿಯನ್ನು ಫ್ರೀಜರ್ ತಟ್ಟೆಯಿಂದ ದೂರ, ಥರ್ಮಾಮೀಟರ್ ಪಕ್ಕದಲ್ಲಿಟ್ಟೆವು. ನಿಂತಾಗ ಗ್ಯಾಸು, ಹೊರಟಾಗ 12 ವೋಲ್ಟ್, ರಾತ್ರಿ 240. ಸ್ವಿಚ್ ಬದಲಿಸುವುದು ಮಗ, ಡಿಗ್ರಿ ಬರೆಯುವುದು ಮೊಮ್ಮಗಳು, ತಾಳೆ ನೋಡುವುದು ನಾನು.

ಸೆಡೂನಾದಿಂದ ಸುಮಾರು 300 ಕಿ.ಮೀ. ದೂರದ ನಲ್ಲಾರ್ಬರ್ ರೋಡ್‌ಹೌಸ್‌ನಲ್ಲಿ ತಂಗಿದೆವು. ಅಂದು ಸಂಜೆ ಅದಕ್ಕಿಂತ ಸ್ವಲ್ಪ ಮೊದಲು ಸಿಗುವ ಹೆಡ್ ಆಫ್ ಬೈಟ್‌ನಲ್ಲಿ ತಿಮಿಂಗಿಲ ಕಂಡಿದ್ದೆವು. ಕಡಲ ಬಂಡೆಗಳ ಬುಡದಲ್ಲೇ ತಾಯಿ ತಿಮಿಂಗಿಲ, ಪಕ್ಕದಲ್ಲಿ ಮರಿ. ಚಳಿಗಾಲದಲ್ಲಿ ಅವು ಮರಿ ಹಾಕಲು ಅಲ್ಲಿಗೆ ಬರುತ್ತವೆ.

ಬೆಳಿಗ್ಗೆ ಪಕ್ಕದ ಕ್ಯಾರವಾನಿನವರು ನಮ್ಮಲ್ಲಿಗೆ ಬಂದರು. ನನ್ನ ವಯಸ್ಸಿನ ದಂಪತಿ. ಕಾರು ಸ್ಟಾರ್ಟ್ ಆಗುತ್ತಿಲ್ಲ. ಅವರ ಫ್ರಿಜ್ಜಿನ ತಂತಿ ರಿಲೇ ಇಲ್ಲದೆ ನೇರವಾಗಿ ಬ್ಯಾಟರಿಗೆ ಸೇರಿತ್ತು, ರಾತ್ರಿಯಿಡೀ 12 ವೋಲ್ಟಿನಲ್ಲೇ ಉಳಿದಿತ್ತು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಗುಣಿಸಿ, “ತಾತ, ಹತ್ತು ಗಂಟೆಗೆ 125! ಇದ್ದದ್ದೇ 70!” ಎಂದಳು. ಆಕೆಯ ಹೃದಯದ ಮಾತ್ರೆಗಳನ್ನು ಗಂಡ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದರು, ಕೈ ಆಗಾಗ ಅಲ್ಲಿಗೇ ಹೋಗುತ್ತಿತ್ತು.

ಮಗ ಜಂಪರ್ ಕೇಬಲ್ ತಂದ. ಕೆಂಪು ತಂತಿ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ನಮ್ಮದರ ಪ್ಲಸ್‌ಗೆ. ಕಪ್ಪು ತಂತಿ ನಮ್ಮದರ ಮೈನಸ್‌ಗೆ, ಕೊನೆಯ ತುದಿ ಅವರ ಎಂಜಿನ್ನಿನ ಬರಿ ಲೋಹಕ್ಕೆ. ಕಿಡಿ ಬ್ಯಾಟರಿಯ ಹತ್ತಿರ ಹಾರಬಾರದೆಂದು ಹಾಗೆ. ನಮ್ಮ ಕಾರು ಹತ್ತು ನಿಮಿಷ ಓಡಿದ ಮೇಲೆ ಅವರದು ಗುರ್ ಎಂದಿತು. ಆಕೆ ನನ್ನ ಹೆಂಡತಿಯ ಕೈ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟರು.

ಮುಂದೆ ಬಾರ್ಡರ್ ವಿಲೇಜ್. ಪಶ್ಚಿಮ ಆಸ್ಟ್ರೇಲಿಯಾದೊಳಗೆ ಹಸಿ ಹಣ್ಣು, ತರಕಾರಿ, ಜೇನು ಒಯ್ಯುವಂತಿಲ್ಲ. ಸೊಸೆ ಇದ್ದ ತರಕಾರಿಯನ್ನೆಲ್ಲ ಹಿಂದಿನ ರಾತ್ರಿಯೇ ಹುಳಿ ಮಾಡಿ ಮುಗಿಸಿದ್ದಳು. ಖಾಲಿಯಾದ ಜಾಗದಲ್ಲಿ ನೀರಿನ ಬಾಟಲಿಗಳನ್ನು ರಾತ್ರಿಯೇ ಇಟ್ಟು ತಣಿಸಿದ್ದೆವು. ಖಾಲಿ ಫ್ರಿಜ್ಜಿನ ತಂಪು ಬಾಗಿಲು ತೆರೆದೊಡನೆ ಹಾರಿಹೋಗುತ್ತದೆ, ತುಂಬಿದ್ದು ನಿಲ್ಲುತ್ತದೆ.

ಕೈಗುನಾ ದಾಟಿದ ಮೇಲೆ 146.6 ಕಿ.ಮೀ. ಒಂದೇ ಒಂದು ತಿರುವಿಲ್ಲದ ರಸ್ತೆ. ಈ ಹೆದ್ದಾರಿಯ ಕೆಲವೆಡೆ ರಸ್ತೆಯ ಮೇಲೆಯೇ ರನ್‌ವೇಯ ಬಿಳಿ ಪಟ್ಟೆ ಬಳಿದಿದ್ದಾರೆ. ಯಾರಿಗಾದರೂ ಜೀವಕ್ಕೆ ಅಪಾಯವಾದರೆ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸೇವೆಯ ವಿಮಾನ ಅಲ್ಲೇ ಇಳಿಯುತ್ತದೆ. ಆ ಪಟ್ಟೆಗಳ ಮೇಲೆ ಹೋಗುವಾಗ ನಾವ್ಯಾರೂ ಮಾತಾಡಲಿಲ್ಲ.

ಮಕ್ಕಳ ಮನೆಗೆ ಹೋಗಿ ಇಂಥ ಪ್ರವಾಸ ಹೊರಡುವ ನನ್ನ ವಾರಗೆಯವರು ಮೂರೇ ಪ್ರಶ್ನೆ ಕೇಳಿ: ಎಂಜಿನ್ ನಿಂತಾಗ ಫ್ರಿಜ್ಜಿಗೆ ಕಾರಿನ ಕರೆಂಟು ತಾನಾಗಿ ಕಡಿಯುತ್ತದೆಯೆ? ತಂತಿ ಸಾಕಷ್ಟು ದಪ್ಪವಿದೆಯೆ? ಒಳಗೆ ಥರ್ಮಾಮೀಟರ್ ಇದೆಯೆ? ಮಕ್ಕಳು ಬೇಸರಿಸಿಕೊಳ್ಳುವುದಿಲ್ಲ.

ನಾರ್ಸ್‌ಮನ್ ಹತ್ತಿರ ಬರುತ್ತಿದ್ದಂತೆ ತಾಮ್ರದ ಬಣ್ಣದ ಕಾಂಡದ ಎತ್ತರದ ನೀಲಗಿರಿ ಜಾತಿಯ ಮರಗಳು ಕಾಣಿಸಿಕೊಂಡವು. ಮೊಮ್ಮಗಳ ನೋಟ್‌ಬುಕ್ಕಿನಲ್ಲಿ ಅತಿ ಕಡಿಮೆ 3 ಡಿಗ್ರಿ, ಅತಿ ಹೆಚ್ಚು 7. ಕೊನೆಯ ಸಾಲಿನ ಕೆಳಗೆ ಹಳೆಯ ಅಭ್ಯಾಸದಂತೆ ನಾನು ಸಹಿ ಹಾಕಿದೆ. ಹೆಂಡತಿ ಡಬ್ಬಿ ಮುಟ್ಟಿ ನೋಡಿ, “ತಣ್ಣಗಿದೆ. ಇನ್ನಾದರೂ ಹೊರಗೆ ನೋಡಿ, ಮರ ಬಂದಿದೆ” ಅಂದಳು.