ಘಟ್ಟದ ಬುಡದಿಂದ ಆಸ್ಪತ್ರೆಯ ಬಾಗಿಲಿಗೆ

ಪುತ್ತೂರು, ಸುಳ್ಯ, ಕಡಬ. ಪಶ್ಚಿಮ ಘಟ್ಟದ ಬುಡದ ಈ ಮೂರು ತಾಲೂಕುಗಳಿಗೆ ಬಂದವರ ಕಣ್ಣು ತುಂಬುವುದು ಅಡಿಕೆ ತೋಟಗಳ ತಂಪು ಹಸಿರು. ಸುಳ್ಯದಲ್ಲಿ ಪಯಸ್ವಿನಿ ಹರಿದರೆ, ಕಡಬದ ಕಡೆ ಕುಮಾರಧಾರೆ. ತೋಟಕ್ಕೊಂದು ಮನೆ, ಗುಡ್ಡೆಯ ಆಚೆ ಇನ್ನೊಂದು. ನೆರೆಮನೆಯೆಂದರೂ ಎಷ್ಟೋ ಸಲ ತೋಡು ದಾಟಿ ಹೋಗಬೇಕು. ಇಂಥ ಮನೆಯೊಂದರಲ್ಲಿ ಇಪ್ಪತ್ತರ ಹರೆಯದವರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದರೆ, ಚಿಕಿತ್ಸೆಯೆಂಬುದು ಮೊದಲು ಒಂದು ದೀರ್ಘ ಪ್ರಯಾಣ. ಅದನ್ನು ಮನೆಯವರಷ್ಟೇ ಮಾಡಿ ಮುಗಿಸುವುದು ಕಷ್ಟ, ಜೊತೆಗಾರರು ಬೇಕು.

ದಾರಿಗಳು ಎರಡು. ಪಡುವಣಕ್ಕೆ ಹೊರಟರೆ ಮಂಗಳೂರು. ಪುತ್ತೂರಿನಿಂದ ಸುಮಾರು 50 ಕಿಲೋಮೀಟರ್. ಸುಳ್ಯದವರಿಗೆ ಅದಕ್ಕೂ ಮೊದಲು ಪುತ್ತೂರಿನ ತನಕ ಬೇರೆ ಹಾದಿ. ಅತ್ತಾವರ, ಕಂಕನಾಡಿ, ದೇರಳಕಟ್ಟೆಗಳ ದೊಡ್ಡ ಆಸ್ಪತ್ರೆಗಳು ಅಲ್ಲಿವೆ. ಮೂಡಣಕ್ಕೆ ಘಟ್ಟ ಹತ್ತಿದರೆ ಬೆಂಗಳೂರಿನ ಕಿದ್ವಾಯಿ ಗಂಥಿ ಸಂಸ್ಥೆ. 1973ರಲ್ಲಿ ಶುರುವಾದ ಈ ಸರಕಾರಿ ಆಸ್ಪತ್ರೆಯ ಹೆಸರು ಹಳ್ಳಿಹಳ್ಳಿಗೂ ಗೊತ್ತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಆಸರೆಯುಂಟು. ಆದರೆ ಕಾಗದಪತ್ರ ಹಿಡಿದು ಓಡಾಡಲು ಒಬ್ಬರು ಬೇಕೇ ಬೇಕು. ಗೆಳೆಯನ ಮೊದಲ ಕೆಲಸ ಅಲ್ಲಿಂದಲೇ ಆರಂಭ.

ಸುಳ್ಯಕ್ಕೆ ರೈಲಿಲ್ಲ. ಪುತ್ತೂರು, ಕಡಬದವರಿಗೆ ಕಬಕ ಪುತ್ತೂರು, ಎಡಮಂಗಲ, ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳಿವೆ. ಹಳೆಯ ಮೀಟರ್ ಗೇಜ್ ದಾರಿ 1996ರಲ್ಲಿ ಮುಚ್ಚಿದ ಮೇಲೆ ಘಟ್ಟದ ಮೇಲಿನ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದ ತನಕ 57 ಸುರಂಗಗಳು! ನೋಡಲು ಬಂದವರಿಗೆ ಅದೊಂದು ಸೊಬಗು. ಔಷಧ ಏರಿಸಿಕೊಂಡು ವಾಂತಿ ತಡೆಯುತ್ತ ಮರಳುವ ರೋಗಿಗೆ ಮಾತ್ರ ಮುಗಿಯದ ಕತ್ತಲು.

ಮಳೆಗಾಲದಲ್ಲಿ ಈ ದಾರಿಯನ್ನೂ ನೆಚ್ಚುವಂತಿಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತು. 2024ರ ಜುಲೈಯಲ್ಲಿ ಎಡಕುಮೇರಿಯ ಬಳಿ ಮಣ್ಣು ಕುಸಿದು ರೈಲು ದಿನಗಟ್ಟಲೆ ನಿಂತಿತು. ಕಿಮೋಥೆರಪಿಯ ದಿನಾಂಕ ಮಳೆಯನ್ನು ಕೇಳಿ ನಿಗದಿಯಾಗುವುದಿಲ್ಲ. ಹಾಗಾಗಿ ಒಂದು ದಿನ ಮುಂಚೆ ಹೊರಡುವುದು, ಎರಡನೆಯ ದಾರಿ ತಿಳಿದಿರುವುದು ಜಾಣತನ.

ಹರೆಯದ ಗೆಳೆಯರಿಂದ ಆಗುವ ಇನ್ನೊಂದು ಉಪಕಾರ ರಕ್ತ. ಹದಿನೆಂಟು ದಾಟಿದ ಆರೋಗ್ಯವಂತರು ಕೊಡಬಹುದು. ಗಂಡಸರಾದರೆ ಮೂರು ತಿಂಗಳಿಗೊಮ್ಮೆ. ಪ್ಲೇಟ್‌ಲೆಟ್ ಐದೇ ದಿನ ಬಾಳುವಂಥದ್ದು. ಒಮ್ಮೆ ತೆಗೆದಿಟ್ಟು ತಿಂಗಳುಗಟ್ಟಲೆ ಬಳಸಲಾಗದು. ಆದುದರಿಂದ ಒಂದೇ ದಿನ ಇಪ್ಪತ್ತು ಮಂದಿ ಜೀಪು ತುಂಬಿಕೊಂಡು ಹೋಗುವುದಕ್ಕಿಂತ, ಹೆಸರು, ರಕ್ತದ ಗುಂಪು ಬರೆದಿಟ್ಟು ಸರದಿಯಲ್ಲಿ ಹೋಗುವುದೇ ಲೇಸು.

ಆಸ್ಪತ್ರೆಗೆ ಹೋಗದವರಿಗೂ ಕೆಲಸವುಂಟು. ಮಗನ ಜೊತೆ ಅಪ್ಪ ಅಮ್ಮ ವಾರ್ಡಿನಲ್ಲಿದ್ದಾಗ ಊರಲ್ಲಿ ದನಗಳಿಗೆ ಹುಲ್ಲು ಹಾಕುವವರು ಯಾರು? ಮಳೆ ಹಿಡಿಯುವ ಮೊದಲು ಒಮ್ಮೆ, ಒಂದೂವರೆ ತಿಂಗಳ ಬಳಿಕ ಇನ್ನೊಮ್ಮೆ ಅಡಿಕೆಗೆ ಬೋರ್ಡೋ ದ್ರಾವಣ ಬಿಡದಿದ್ದರೆ ಕೊಳೆರೋಗ ವರ್ಷದ ಫಸಲನ್ನೇ ನುಂಗುತ್ತದೆ. ಚಿಕಿತ್ಸೆಯ ಖರ್ಚು ಹುಟ್ಟಬೇಕಾದುದು ಆ ಫಸಲಿನಲ್ಲೇ. ಔಷಧ ಬಿಡುವವರನ್ನು ಗೊತ್ತುಮಾಡಿ ಎದುರು ನಿಂತು ಕೆಲಸ ಮಾಡಿಸಿದ ಗೆಳೆಯನೂ ಚಿಕಿತ್ಸೆಗೇ ಹೆಗಲು ಕೊಟ್ಟಂತೆ.

ಕಿಮೋ ಕೊಟ್ಟ ಎರಡನೆಯ ವಾರದ ಹೊತ್ತಿಗೆ ರಕ್ತದ ಬಿಳಿ ಕಣಗಳು ಇಳಿಯುತ್ತವೆ. ಆಗ ಜ್ವರ ಬಂದರೆ ಕಷಾಯ ಕುಡಿಸಿ ಬೆಳಗಿನ ತನಕ ಕಾಯಬಾರದು. ನಡುರಾತ್ರಿಯಾದರೂ ಆಸ್ಪತ್ರೆ ಸೇರಬೇಕು. ವಾಹನವಿರುವ ನೆರೆಯವರ ಫೋನ್ ನಂಬರು ಗೋಡೆಯ ಮೇಲೆ ಬರೆದಿರಲಿ. ಏಪ್ರಿಲ್‌ನ ಪುತ್ತೂರು ಜಾತ್ರೆಗೆ ಅವನನ್ನು ಎಳೆದುಕೊಂಡು ಹೋಗುವುದೂ ಬೇಡ, ಜನಜಂಗುಳಿ ಅವನಿಗೆ ಅಪಾಯ. ನೆಗಡಿಯಿದ್ದವರು ದೂರವಿರಲಿ. ಉಳಿದವರು ಕೈತೊಳೆದು ಬಂದು ಜಗಲಿಯಲ್ಲಿ ಕೂತು ರಥ ಎಳೆದ ಸುದ್ದಿ ಹೇಳಲಿ.

ಲ್ಯುಕೇಮಿಯದ ಸಾಮಾನ್ಯ ಬಗೆಯೊಂದಕ್ಕೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳು ಮನೆ ತುಂಬ ಜನ. ಕೂದಲು ಉದುರುವ ಹೊತ್ತಿಗೆ ಅರ್ಧ. ಎರಡನೆಯ ಮಳೆಗಾಲಕ್ಕೆ ಅಂಗಳ ಬರಿದು. ಆ ಎರಡನೆಯ ಮಳೆಗಾಲದಲ್ಲೂ ಕೊಡೆ ಹಿಡಿದು, ತೋಡಿನ ಪಾಲ ದಾಟಿ ಬರುವವನೇ ಗೆಳೆಯ.